ಎಡ ಹುಬ್ಬೋ, ಬಲ ಹುಬ್ಬೋ

ಭೂತಾನಿಗೆ ಹೋಗಿ ಬಂದೆ ಅಂದರೆ ಗುಬ್ಬಿಯಲ್ಲಿ ಯಾರೂ ಫೋಟೊ ತೋರಿಸು ಅನ್ನುವುದಿಲ್ಲ. ಸೇಬು ತಂದೆಯಾ ಅಂತ ಕೇಳುತ್ತಾರೆ. ಅವರದೂ ತಪ್ಪಿಲ್ಲ. ಮೂವತ್ತು ವರ್ಷದಿಂದ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟುಕೊಂಡು ಕೂತವನು ನಾನು. ಊರಿನ ಅರ್ಧ ಜನರ ನಾಮಕರಣ, ಮದುವೆ, ಅರ್ಜಿಗೆ ಅಂಟಿಸುವ ಫೋಟೊ, ಕೊನೆಗೆ ಗೋಡೆಗೆ ಹಾಕಿ ಹಾರ ಹಾಕುವ ಫೋಟೊ, ಎಲ್ಲವೂ ನನ್ನ ಕೈಯಿಂದಲೇ ಹೋಗಿವೆ. ಅಂಥವನು ಫೋಟೊ ತೆಗೆಯುವುದನ್ನು ಕಲಿಯಲು ಹಿಮಾಲಯಕ್ಕೆ ಹೋಗಿದ್ದ ಅಂದರೆ ಯಾರು ನಂಬುತ್ತಾರೆ? ಏನು ಕಲಿತೆ ಅಂತ ಕೇಳಿದರೆ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ.

ಕಳಿಸಿದವಳು ಮಗಳು. ಕ್ಯಾತ್ಸಂದ್ರದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ತುಮಕೂರಿನಲ್ಲಿ ಮನೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ರೈಲಿಗೆ ವಾಪಸ್ಸು. ಅವಳ ತಾಯಿ ಹೋಗಿ ಮೂರು ವರ್ಷವಾಗಿದೆ. ನಡುಮನೆಯ ಗೋಡೆಯ ಮೇಲಿನ ನನ್ನ ಹೆಂಡತಿಯ ಫೋಟೊ ನಾನೇ ಮಾಡಿದ್ದು. ಬೇರೆಯವರ ಮನೆಗೆ ಮಾಡಿಕೊಡುವುದಕ್ಕಿಂತ ಒಂದು ಕೈ ಮೇಲೆಯೇ ಮಾಡಿದ್ದೆ. ಮುಖದಲ್ಲಿ ಒಂದು ಗೆರೆಯಿಲ್ಲ, ಕಲೆಯಿಲ್ಲ. ಬಣ್ಣ ಸ್ವಲ್ಪ ತಿಳಿ ಮಾಡಿ, ಉಟ್ಟಿದ್ದ ನೈಲಾನ್ ಸೀರೆ ತೆಗೆದು ರೇಷ್ಮೆ ಸೀರೆ ಕೂರಿಸಿ, ಹಿಂದೆ ತಿಳಿ ನೀಲಿ ಮೋಡ ಬಿಟ್ಟಿದ್ದೆ. ಬಂದವರೆಲ್ಲ ಲಕ್ಷ್ಮಿ ಹಾಗೆ ಕಾಣುತ್ತಾಳೆ ಅಂದಿದ್ದರು.

ಮೂರನೇ ವರ್ಷದ ಪೂಜೆಯ ದಿನ ಹಳೆಯ ಹಾರ ತೆಗೆದು ಹೊಸದು ಹಾಕುವಾಗ ಮಗಳು ಸ್ಟೂಲಿನ ಮೇಲೆ ನಿಂತವಳು ಹಾಗೇ ನಿಂತುಬಿಟ್ಟಳು.

"ಅಪ್ಪಾ, ಇದು ಅಮ್ಮ ಅಲ್ಲ ಕಣಪ್ಪ."

"ಮತ್ತಿನ್ಯಾರು?"

"ಗೊತ್ತಿಲ್ಲ. ಯಾವ್ದೋ ಸೀರೆ ಅಂಗ್ಡಿ ಕ್ಯಾಲೆಂಡರಿನ್ ಹೆಂಗ್ಸು. ಅಮ್ಮನ್ ಹುಬ್ಬಿನ್ ಮೇಲೆ ಗಾಯದ್ ಗುರ್ತು ಇತ್ತಲ್ಲ, ಎಲ್ಲೋಯ್ತು ಅದು?"

ನನಗೆ ಕೋಪ ನೆತ್ತಿಗೇರಿತು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನಾನು ಮೊದಲಿಂದಲೂ ಹಾಗೇ. "ಅದೇನ್ ಮಹಾ, ಐದ್ ನಿಮಿಷದ್ ಕೆಲ್ಸ. ಹಾಕ್ತೀನಿ ಬುಡು" ಅಂತ ಫ್ರೇಮು ಇಳಿಸಿಕೊಂಡು ಸ್ಟುಡಿಯೊಗೆ ಹೋದೆ. ಕಂಪ್ಯೂಟರಿನಲ್ಲಿ ಅವಳ ಮುಖವನ್ನು ದೊಡ್ಡದು ಮಾಡಿ, ಬ್ರಷ್ಷು ಹಿಡಿದು ಹುಬ್ಬಿನ ಹತ್ತಿರ ಹೋದೆ. ಕೈ ನಿಂತಿತು. ಯಾವ ಹುಬ್ಬು?

ಎಡ ಅಂತ ಮನಸ್ಸು ಹೇಳಿತು. ಮಗಳಿಗೆ ಫೋನ್ ಮಾಡಿದೆ. "ಬಲಗಡೆ ಅಪ್ಪಾ" ಅಂದಳು, ಒಂದು ಕ್ಷಣವೂ ಯೋಚನೆ ಮಾಡದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನು ನಾನು, ನನಗೆ ಗೊತ್ತಿಲ್ಲವೇ ಅಂದೆ. ಹಾಗಾದರೆ ನೋಡಿ ಹಾಕು ಅಂದಳು. ಏನನ್ನು ನೋಡಿ ಹಾಕುವುದು? ಮನೆಯಲ್ಲಿದ್ದ ಹೆಂಡತಿಯ ಫೋಟೊಗಳನ್ನೆಲ್ಲ ತೆಗೆದವನು ನಾನೇ. ತೆಗೆದ ಮೇಲೆ ಗಾಯವನ್ನು ಅಳಿಸಿದವನೂ ನಾನೇ, ತಿದ್ದದ ಮೂಲ ಒಂದನ್ನೂ ಉಳಿಸಿಕೊಂಡಿರಲಿಲ್ಲ. ಆಲ್ಬಮ್ಮಿನ ಮೇಲೆ ಆಲ್ಬಮ್ ತಿರುವಿದೆ, ಎಲ್ಲದರಲ್ಲೂ ಎರಡೂ ಹುಬ್ಬು ನುಣ್ಣಗಿದ್ದವು. ಮಗಳ ಫೋನಿನಲ್ಲಿ ಅಮ್ಮನ ಜೊತೆಗಿನ ನಾಲ್ಕಾರು ಸೆಲ್ಫಿ ಇದ್ದವು. ಅವಳ ಆ ಹಳೆಯ ಫೋನು ನಾನು ಮಾಡುವ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿತ್ತು, ಎಲ್ಲರ ಮುಖವನ್ನೂ ಒಂದೇ ಸಮ ಗಾರೆ ಮಾಡಿಟ್ಟಿತ್ತು. ಕೊನೆಗೆ ಆಧಾರ್ ಕಾರ್ಡು ತೆಗೆದೆ. ಅದರಲ್ಲಿ ಗಾಯದ ಮಾತಿರಲಿ, ಹುಬ್ಬುಗಳೇ ಇರಲಿಲ್ಲ.

ಕುಣಿಗಲ್‌ಗೆ ಹೋದೆ. ಹೆಂಡತಿಯ ಅಕ್ಕ ಅಲ್ಲಿದ್ದಾರೆ. ಚಿಕ್ಕಂದಿನಲ್ಲಿ ಇವಳು ಕೆರೆಯ ಸೋಪಾನದ ಮೇಲೆ ಬಿದ್ದು ಹುಬ್ಬು ಒಡೆದುಕೊಂಡಾಗ ಎತ್ತಿಕೊಂಡು ಓಡಿದವರು ಅವರೇ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

"ಎಡಗಡೆ ಕಣಪ್ಪ" ಅಂದರು. ನನಗೆ ಗೆದ್ದಷ್ಟು ಖುಷಿಯಾಯಿತು. ಆಮೇಲೆ ಅವರು ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈ ಮಾಡಿ, ಒಂದು ಸಲ ಈ ಭುಜಕ್ಕೆ, ಒಂದು ಸಲ ಆ ಭುಜಕ್ಕೆ ತಲೆ ಒರಗಿಸಿ ನೋಡಿದರು. "ತಡಿ ತಡಿ. ರಕ್ತ ನನ್ ಈ ತೋಳ್ ಮ್ಯಾಲೆ ಬಿದ್ದಿತ್ತು. ಹಂಗಾದ್ರೆ... ಅಯ್ಯೋ ಗ್ಯಾನ ಇಲ್ಲ ಕಣಪ್ಪ, ಐವತ್ ವರ್ಷದ್ ಮಾತು. ನೀನಲ್ವಾ ಜೊತೇಲಿದ್ದೋನು?" ಅಂದುಬಿಟ್ಟರು.

ಕಾಫಿ ಕುಡಿದು ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ಅದೇ ಮಾತು ತಲೆಯಲ್ಲಿತ್ತು. ನಾನೇ ಜೊತೆಯಲ್ಲಿದ್ದವನು.

ಆದರೂ ಹಟ ಬಿಡಲಿಲ್ಲ. ಎಡ ಹುಬ್ಬಿನ ಮೇಲೆ ಗಾಯದ ಗುರುತು ಹಾಕಿದೆ, ಪ್ರಿಂಟು ಹಾಕಿಸಿ ಗೋಡೆಗೆ ತೂಗಿದೆ. ಮಗಳು ಬಂದು ನೋಡಿದಳು. ಜಗಳ ಆಡುತ್ತಾಳೆ ಅಂದುಕೊಂಡಿದ್ದೆ, ಆಡಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಮುಂದಿನ ಶನಿವಾರ ಬಂದಾಗ ನನ್ನ ಮುಂದೆ ಒಂದು ಕಾಗದ ಇಟ್ಟಳು. ಏಳೇ ಜನರ ಗುಂಪು, ಭೂತಾನಿನಲ್ಲಿ ಎಂಟು ದಿನ, ಫೋಟೊ ತೆಗೆಯುವವರಿಗೆ ಮಾತ್ರ, ಹೇಳಿಕೊಡುವುದಕ್ಕೆ ಒಬ್ಬರು ಮೇಷ್ಟ್ರು.

"ನನಗ್ಯಾಕೆ ಇದು?" ಅಂದೆ.

"ಸುಮ್ನೆ ಹೋಗ್ಬಾ ಅಪ್ಪಾ. ಯಾರೂ ನಿನ್ನತ್ರ ಫೋಟೊ ತೆಗಿ ಅಂತ ಕೇಳ್ದೇ ಇರೋ ಕಡೆ ಎಂಟ್ ದಿನ ಫೋಟೊ ತೆಗಿ."

ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಬೇಡ ಅನ್ನುವುದಕ್ಕೆ ಹೊರಟವನು, ಗೋಡೆಯ ಕಡೆ ನೋಡಿ ಕಾಗದ ಮಡಚಿ ಜೇಬಿಗಿಟ್ಟೆ.

ಬೆಂಗಳೂರಿನಲ್ಲಿ ಗುಂಪು ಸೇರಿತು. ಒಬ್ಬರು ಹಲ್ಲಿನ ಡಾಕ್ಟರು, ಅವರೇ ನನ್ನ ರೂಮಿನ ಜೊತೆಗಾರರು. ಉಳಿದವರೂ ಓದಿದವರು, ಕೆಲಸಕ್ಕೆ ರಜೆ ಹಾಕಿ ಬಂದವರು. ಎಲ್ಲರ ಕೊರಳಲ್ಲೂ ನನ್ನದಕ್ಕಿಂತ ದೊಡ್ಡ ಕ್ಯಾಮೆರಾ. ಫೋಟೊ ತೆಗೆದು ಜೀವನ ಮಾಡುವವನು ನಾನೊಬ್ಬನೇ ಅಂತ ಗೊತ್ತಾದಾಗ ಎಲ್ಲರೂ ಓಹೋ ಅಂದರು. ಆ ಓಹೋದಲ್ಲಿ ಮರ್ಯಾದೆ ಇತ್ತೋ ಅನುಮಾನ ಇತ್ತೋ ನನಗೆ ತಿಳಿಯಲಿಲ್ಲ. ಕೊಲ್ಕತ್ತಾದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿದೆವು. ಅದು ಬೆಟ್ಟಗಳ ಮಧ್ಯೆ ರೆಕ್ಕೆ ಓರೆ ಮಾಡಿಕೊಂಡು ಪಾರೋ ಅನ್ನುವ ಊರಿಗೆ ಇಳಿಯುವಾಗ ಡಾಕ್ಟರು ಕಿಟಕಿಗೆ ಕ್ಯಾಮೆರಾ ಒತ್ತಿಕೊಂಡಿದ್ದರು, ನಾನು ಸೀಟಿನ ಕೈ ಹಿಡಿದುಕೊಂಡಿದ್ದೆ.

ಮೊದಲ ದಿನವೇ ಮೇಷ್ಟ್ರು ಮೂರು ನಿಯಮ ಹಾಕಿದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಮೆತ್ತಗೆ ಮಾತಾಡುವ ಮನುಷ್ಯ. ಯಾರಿಗೂ ಹೀಗೆ ನಿಲ್ಲು, ಹಾಗೆ ನೋಡು ಅನ್ನಬಾರದು. ಫ್ಲಾಶ್ ಹಾಕಬಾರದು. ತೆಗೆದ ಒಂದು ಫೋಟೊವನ್ನೂ ಕಾರ್ಡಿನಿಂದ ಅಳಿಸಬಾರದು, ಕೆಟ್ಟದ್ದನ್ನೂ ಕೂಡ. ನನ್ನ ಮೂವತ್ತು ವರ್ಷದ ಕಸುಬೆಲ್ಲ ಈ ಮೂರರಲ್ಲೇ ಇತ್ತು. ಇವು ಬೇಡ ಅಂದ ಮೇಲೆ ನನ್ನ ಹತ್ತಿರ ಉಳಿದದ್ದು ಕೊರಳಿಗೆ ಹಾಕುವ ಕ್ಯಾಮೆರಾ ಬೆಲ್ಟು ಒಂದೇ.

ಮೂರನೆಯದು ನನಗೆ ಎಲ್ಲಕ್ಕಿಂತ ಕಷ್ಟ. ನನಗೊಂದು ರೂಢಿ ಇದೆ. ಯಾವ ಜಾಗಕ್ಕೆ ಹೋದರೂ ಮೊದಲು ಹತ್ತಿರ ಇರುವವರ ಮುಖಕ್ಕೆ ಒಂದು ಟೆಸ್ಟ್ ಹೊಡೆಯುತ್ತೇನೆ, ಬೆಳಕು ಎಷ್ಟಿದೆ ನೋಡುವುದಕ್ಕೆ. ನೋಡಿ ಅಳಿಸುತ್ತೇನೆ. ಕೆಲಸ ಆಮೇಲೆ ಶುರು. ಮದುವೆಗೆ ಹೊರಡುವ ದಿನ ಬೆಳಗ್ಗೆ ಮನೆಯ ಬಾಗಿಲಲ್ಲೇ ಒಂದು ಟೆಸ್ಟ್ ಆಗಬೇಕು, ಫ್ಲಾಶು ಕೈಕೊಟ್ಟರೆ ಅಲ್ಲೇ ಗೊತ್ತಾಗಲಿ ಅಂತ. ಆ ಹೊತ್ತಿನಲ್ಲಿ ಎದುರಿಗೆ ಇರುತ್ತಿದ್ದವಳು ಹೆಂಡತಿ. ಒಲೆಯ ಮುಂದಿನಿಂದ ಅವಳನ್ನು ಕೂಗಿ ಕರೆಯುತ್ತಿದ್ದೆ. "ಬೇಗ ತಗೀರಿ, ಹಾಲು ಉಕ್ತದೆ" ಅಂತ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಲ್ಲುತ್ತಿದ್ದಳು. ಹೊಡೆದು, ನೋಡಿ, ಅಳಿಸುತ್ತಿದ್ದೆ. ಗಿರಾಕಿಯ ಮದುವೆ ಕಾರ್ಡಿನಲ್ಲಿ ಕೆದರಿದ ತಲೆಯ ನನ್ನ ಹೆಂಡತಿ ಯಾಕೆ?

ಭೂತಾನಿನಲ್ಲಿ ಆ ಟೆಸ್ಟಿಗೆ ಸಿಕ್ಕವನು ನಮ್ಮ ಗೈಡು. ಮೊಣಕಾಲವರೆಗಿನ ನಿಲುವಂಗಿ, ಕೆಳಗೆ ಉದ್ದನೆಯ ಕಾಲುಚೀಲ, ಸದಾ ನಗುಮುಖ. ಅವನ ಹಿಂದಿ ಚೆನ್ನಾಗಿತ್ತು, ನನ್ನದು ಬಸ್ ಸ್ಟ್ಯಾಂಡ್ ಹಿಂದಿ. ಆದರೂ ಇಬ್ಬರಿಗೂ ಹೊಂದಿತು. ಮಧ್ಯಾಹ್ನ ಊಟಕ್ಕೆ ಮೆಣಸಿನಕಾಯಿಯನ್ನೇ ತರಕಾರಿ ಅಂತ ಗಿಣ್ಣಿನಂಥ ಚೀಸಿನಲ್ಲಿ ಬೇಯಿಸಿ ಕೊಟ್ಟರು. ಡಾಕ್ಟರು ಕಣ್ಣಲ್ಲಿ ನೀರು ಸುರಿಸಿಕೊಂಡು ಎದ್ದರು. ನಾನು ಎರಡು ಸಲ ಹಾಕಿಸಿಕೊಂಡೆ. ಇಡೀ ಪ್ರವಾಸದಲ್ಲಿ ನಾನು ಗುಂಪಿಗಿಂತ ಮುಂದಿದ್ದ ವಿಷಯ ಅದೊಂದೇ.

ಎರಡನೇ ದಿನ ಪಾರೋ ಪಕ್ಕದ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಗದ್ದೆಯ ಅಂಚಿನಲ್ಲಿ ಮರದ ಕಿಟಕಿಯ ದೊಡ್ಡ ಮನೆ. ಚಾವಣಿಯ ತುಂಬ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು, ನಮ್ಮ ಕಡೆ ರಸ್ತೆಯ ಮೇಲೆ ರಾಗಿ ಹರಡಿದ ಹಾಗೆ. ಅಂಗಳದಲ್ಲಿ ಒಬ್ಬ ಅಜ್ಜಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮೇಲ್ದುಟಿಯ ಪಕ್ಕ ಕಡಲೆಕಾಳಿನಷ್ಟು ದಪ್ಪ ಮಚ್ಚೆ. ನನ್ನ ರೂಢಿಯಂತೆ ಹೋದ ತಕ್ಷಣ ಅವಳ ಕಡೆ ಒಂದು ಟೆಸ್ಟ್ ಹೊಡೆದೆ. ಅಳಿಸಲು ಬೆರಳು ಹೋಯಿತು, ನಿಯಮ ನೆನಪಾಗಿ ಬಿಟ್ಟೆ.

ಅಷ್ಟರಲ್ಲಿ ನಮ್ಮವರು ಅವಳ ಸುತ್ತ ಕೂತುಬಿಟ್ಟಿದ್ದರು. ಒಬ್ಬರು ನೆಲದ ಮೇಲೆ ಮಲಗಿದ್ದರು. ಆರು ಲೆನ್ಸುಗಳು ಅವಳ ಸುಕ್ಕುಗಳ ಕಡೆಗೆ. ಯಾರೂ ಅವಳನ್ನು ಮಾತಾಡಿಸಲಿಲ್ಲ, ಮಾತಾಡಿಸಿದರೆ ಸಹಜತೆ ಹೋಗುತ್ತದಂತೆ. ಅವಳು ತೊಟ್ಟು ಮುರಿಯುತ್ತಾ ಗೈಡಿನ ಕಡೆ ಏನಿದು ಅನ್ನುವ ಹಾಗೆ ನೋಡಿದಳು. ನನಗೆ ತಡೆಯಲಾಗಲಿಲ್ಲ. ಫೋಟೊಗೆ ಅಂತ ಕೂತವರಿಗೆ ನಾಲ್ಕು ಒಳ್ಳೆಯ ಮಾತಾಡದೆ ನಾನು ಎಂದೂ ಬಟನ್ ಒತ್ತಿದವನಲ್ಲ. ಸೀದಾ ಹೋಗಿ ಒಂದು ಮಣೆ ಎಳೆದು ಹಾಕಿದೆ. ಗೈಡಿನಿಂದ ಹೇಳಿಸಿ ಅವಳನ್ನು ಕೂರಿಸಿದೆ, ಹೆಗಲ ಮೇಲಿನ ಬಟ್ಟೆ ಸರಿ ಮಾಡಿದೆ, ಕೂದಲನ್ನು ಕಿವಿಯ ಹಿಂದೆ ಹಾಕಿಸಿದೆ. ಗದ್ದ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ ಅಂತ ಬೆರಳು ತೋರಿಸಿ ಹೊಡೆದೆ. ಅಜ್ಜಿ ಉಸಿರು ಬಿಗಿಹಿಡಿದು, ಬಾಯಿ ತುಸು ತೆರೆದು, ರಾಣಿಯ ಹಾಗೆ ಕೂತಿದ್ದಳು. ಹಿಂದೆ ತಿರುಗಿದರೆ ಆರು ಜನರೂ ಕ್ಯಾಮೆರಾ ಇಳಿಸಿ ನನ್ನನ್ನೇ ನೋಡುತ್ತಿದ್ದರು.

ಸಂಜೆ ಚಹಾದ ಹೊತ್ತಿಗೆ ಹೋಟೆಲಿನಲ್ಲಿ ಎಲ್ಲರ ಫೋಟೊಗಳನ್ನೂ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕಿ ಚರ್ಚೆ ಮಾಡುತ್ತಿದ್ದರು. ಡಾಕ್ಟರು ತೆಗೆದದ್ದರಲ್ಲಿ ಅಜ್ಜಿಯ ಮುಖವೇ ಇರಲಿಲ್ಲ. ಎರಡು ಕೈ, ಒಂದು ರಾಶಿ ಮೆಣಸಿನಕಾಯಿ, ಅಷ್ಟೇ. ಎಲ್ಲರೂ ಆಹಾ ಅಂದರು. ನನ್ನದು ಬಂತು. ಮೇಷ್ಟ್ರು "ಎರಡೂ ಕಿವಿ ಚೆನ್ನಾಗಿ ಕಾಣ್ತಿವೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಕಿವಿ ಕಾಣುವುದು ಯಾವಾಗಿನಿಂದ ತಪ್ಪಾಯಿತು ಅಂತ ನನಗೆ ಗೊತ್ತಾಗಲಿಲ್ಲ. ಗುಬ್ಬಿಯಲ್ಲಿ ಒಂದು ಕಿವಿ ಬಿಟ್ಟುಹೋದರೆ ಗಿರಾಕಿ ಫೋಟೊ ತಿರುಗಿ ಕೊಡುತ್ತಾನೆ.

ಮುಂದಿನ ಮೂರು ದಿನ ನಾನೂ ಅವರ ಹಾಗೆ ತೆಗೆಯಲು ನೋಡಿದೆ. ಥಿಂಪುವಿನಲ್ಲಿ ಪ್ರಾರ್ಥನೆಯ ಚಕ್ರ ತಿರುಗಿಸುತ್ತಿದ್ದವರ ಬೆನ್ನುಗಳನ್ನು ತೆಗೆದೆ. ಭಿಕ್ಷುಗಳ ನೆರಳು ತೆಗೆದೆ. ಒಂದು ಬೆಟ್ಟದ ಮೇಲೆ ಬೆಳಕಿಗಾಗಿ ಕಾಯುತ್ತಾ ಒಂದು ಗಂಟೆ ನಿಂತೆವು. ಬೆಳಕು ಬಂದೇ ಇತ್ತು, ಇನ್ನೊಂದು ಬೆಳಕು ಬರಬೇಕಂತೆ. ಕ್ಯಾಮೆರಾ ಅಲುಗಾಡಿ ಕೆಟ್ಟ ಒಂದು ಫೋಟೊವನ್ನು ಮೇಷ್ಟ್ರು ಹೊಗಳಿದರು. ಬೇಕೆಂದೇ ಅಲುಗಾಡಿಸಿ ತೆಗೆದ ಹತ್ತು ಫೋಟೊಗಳಿಗೆ ಏನೂ ಹೇಳಲಿಲ್ಲ. ಒಂದು ಸಲವಾದರೂ ಯಾಕೆ ಅಂತ ಬಿಡಿಸಿ ಹೇಳಿದ್ದರೆ ಆಗಿತ್ತು. ನೋಡಿ, ಇನ್ನೂ ನೋಡಿ ಅನ್ನುತ್ತಿದ್ದರು. ನೋಡುವುದಕ್ಕೆ ನನಗೆ ಇವರು ಕಲಿಸಬೇಕಾ ಅಂತ ಒಳಗೊಳಗೆ ಕುದಿಯುತ್ತಿದ್ದೆ. ಕುದಿದು ಆರುವಷ್ಟರಲ್ಲಿ ಒಂದು ಹುಬ್ಬು ಎದ್ದು ಬಂದು ಎದುರಿಗೆ ನಿಲ್ಲುತ್ತಿತ್ತು. ಎಡವೋ, ಬಲವೋ.

ಅಜ್ಜಿಯ ಮನೆಗೆ ಆರನೇ ದಿನ ಮತ್ತೆ ಹೋಗುವುದಿತ್ತು. ಒಂದೇ ಜಾಗವನ್ನು ಎರಡು ಸಲ ನೋಡಬೇಕು ಅನ್ನುವುದು ಮೇಷ್ಟ್ರ ಪಾಠ. ಬರಿಗೈಯಲ್ಲಿ ಹೇಗೆ ಹೋಗುವುದು ಅಂತ ನಾನು ಅವಳ ಫೋಟೊ ರೆಡಿ ಮಾಡಿದೆ. ಮದುವೆ ಮನೆಯಲ್ಲಿ ಅಲ್ಲೇ ಪ್ರಿಂಟು ಹಾಕಿಕೊಡುವ ಚಿಕ್ಕ ಪ್ರಿಂಟರು ನನ್ನ ಬ್ಯಾಗಿನಲ್ಲಿತ್ತು. ಅಜ್ಜಿಗೆ ಒಳ್ಳೆಯದಾಗಿ ಕೊಡಬೇಕು ಅಂತ ಮನಸ್ಸಿಟ್ಟು ಕೂತೆ. ಸುಕ್ಕು ತೆಗೆದೆ. ಬಣ್ಣ ತಿಳಿ ಮಾಡಿದೆ. ಎದುರಿನ ಒಂದು ಹಲ್ಲು ಇರಲಿಲ್ಲ, ಪಕ್ಕದ ಹಲ್ಲಿನಿಂದ ಒಂದು ಮಾಡಿ ಕೂರಿಸಿದೆ. ಡಾಕ್ಟರು ನೋಡಿ "ನನಗಿಂತ ಚೆನ್ನಾಗಿ ಹಾಕಿದೀರಿ" ಅಂದರು. ಕೊನೆಗೆ ಆ ಮಚ್ಚೆ. ಒಂದೇ ಕ್ಲಿಕ್ಕು. ಹಿಂದೆ ನೀಲಿ ಮೋಡ ಬಿಟ್ಟೆ.

ಅಜ್ಜಿ ಎರಡೂ ಕೈ ಚಾಚಿ ಫೋಟೊ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಹಿಂದೆ ತಿರುಗಿಸಿ ನೋಡಿ, ಮತ್ತೆ ಮುಂದೆ ನೋಡಿ, ಗೈಡನ್ನು ಏನೋ ಕೇಳಿದಳು. ಗೈಡು ನಗು ತಡೆಯುತ್ತಾ ಹೇಳಿದ: "ಚೆನ್ನಾಗಿದ್ದಾಳೆ, ಯಾರು ಈಕೆ ಅಂತ ಕೇಳ್ತಿದ್ದಾರೆ."

ನೀವೇ ಅಂತ ಕೈ ತೋರಿಸಿದೆ. ಅಜ್ಜಿ ಬೆರಳನ್ನು ತನ್ನ ತುಟಿಯ ಪಕ್ಕದ ಮಚ್ಚೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅದೇ ಬೆರಳನ್ನು ಫೋಟೊದ ಮೇಲೆ ಇಟ್ಟು ಹುಡುಕಿದಳು. ನುಣ್ಣನೆಯ ಕಾಗದದ ಮೇಲೆ ಅವಳ ಬೆರಳು ಆ ಕಡೆ ಈ ಕಡೆ ಓಡಾಡಿತು. ಮತ್ತೆ ಏನೋ ಹೇಳಿ, ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ನನಗೇ ವಾಪಸ್ಸು ಕೊಟ್ಟಳು. ಸಿಟ್ಟು ಇರಲಿಲ್ಲ, ಕೊಂಚ ಸಂಕೋಚವೇ ಇತ್ತು.

"ಅವರ ಅಮ್ಮನಿಗೂ ಅಲ್ಲೇ ಮಚ್ಚೆ ಇತ್ತಂತೆ" ಅಂದ ಗೈಡು. "ಇದನ್ನ ಮನೆಯಲ್ಲಿಟ್ಟರೆ ಮೊಮ್ಮಕ್ಕಳು ಬೇರೆ ಯಾರೋ ಅಂದುಕೊಳ್ಳುತ್ತಾರೆ, ಬೇಡ ಅಂತಾರೆ."

ಇದು ಅಮ್ಮ ಅಲ್ಲ ಕಣಪ್ಪ. ಅಷ್ಟು ದೂರ ಹೋಗಿ, ಭಾಷೆ ಬಾರದ ಊರಿನಲ್ಲಿ, ಅದೇ ಮಾತನ್ನು ಎರಡನೇ ಸಲ ಕೇಳಿಸಿಕೊಂಡ ಹಾಗಾಯಿತು. ನನಗೆ ಅಳು ಬಂತು ಅಂದರೆ ನಾಚಿಕೆಯೇನಿಲ್ಲ. ಪ್ರಿಂಟರನ್ನು ಜಗಲಿಯ ಮೇಲಿಟ್ಟು, ಕಾರ್ಡಿನಲ್ಲಿದ್ದ ಮೂಲ ಫೋಟೊವನ್ನು ಏನೂ ಮಾಡದೆ ಹಾಗೇ ಪ್ರಿಂಟು ಹಾಕಿದೆ. ಸುಕ್ಕು, ಮಚ್ಚೆ, ಹೋದ ಹಲ್ಲು, ಎರಡು ಕಿವಿ. ಅಜ್ಜಿ ಅದನ್ನು ಹಣೆಗೆ ಒತ್ತಿಕೊಂಡು ಒಳಗೆ ಇಟ್ಟು ಬಂದಳು. ಡಾಕ್ಟರು ಉತ್ಸಾಹದಿಂದ ತಮ್ಮ ಕೈಗಳ ಫೋಟೊವನ್ನು ಕ್ಯಾಮೆರಾದಲ್ಲಿ ತೋರಿಸಿದರು. ಅಜ್ಜಿ ನೋಡಿ, ಮೆಣಸಿನಕಾಯಿ ಚೆನ್ನಾಗಿ ಒಣಗಿದೆ ಅಂದಳಂತೆ. ನನ್ನ ಜೇಬಿಗೆ ಕಲ್ಲಿನಂಥ ಒಂದು ಚೂರು ಒಣ ಚೀಸು ಹಾಕಿದಳು, ಎರಡು ದಿನ ಬಾಯಲ್ಲಿಟ್ಟುಕೊಂಡರೂ ಕರಗಲಿಲ್ಲ.

ಕೊನೆಯ ಸಂಜೆ ಪ್ರತಿಯೊಬ್ಬರಿಂದ ಒಂದು ಫೋಟೊ ಆರಿಸುವುದಿತ್ತು. ನಾನು ಐದು ಕೊಟ್ಟಿದ್ದೆ, ಮೂರು ಬೆನ್ನು, ಎರಡು ನೆರಳು. ಮೇಷ್ಟ್ರು ಅವನ್ನು ಪಕ್ಕಕ್ಕಿಟ್ಟು ನನ್ನ ಕಾರ್ಡನ್ನೇ ಕೇಳಿದರು. ಮೊದಲಿಂದ ಒಂದೊಂದೇ ನೋಡುತ್ತಾ ಹೋದವರು ಒಂದು ಕಡೆ ನಿಂತರು. ಅಜ್ಜಿಯದು. ಮೆಣಸಿನಕಾಯಿಯ ಕೈ ಎತ್ತಿ ನನ್ನನ್ನು ಗದರಿಸುತ್ತಿದ್ದಾಳೆ, ಗದರುತ್ತಲೇ ನಗು ಬಂದುಬಿಟ್ಟಿದೆ, ಹೋದ ಹಲ್ಲು ಕಾಣುತ್ತಿದೆ, ಮಚ್ಚೆ ಮೇಲಕ್ಕೆ ಜರುಗಿದೆ.

"ಇದನ್ನ ಯಾಕೆ ಕೊಡಲಿಲ್ಲ ನೀವು?"

"ಸರ್, ಅದು ಫೋಟೊ ಅಲ್ಲ, ಟೆಸ್ಟು."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಕಾರ್ಡಿನ ಉದ್ದಕ್ಕೂ ಹೋಗಿ ನನ್ನ ಟೆಸ್ಟುಗಳನ್ನೇ ಹೆಕ್ಕಿ ಸಾಲಾಗಿ ಗೋಡೆಗೆ ಹಾಕಿದರು. ಆಕಳಿಸುತ್ತಿರುವ ಗೈಡು. ಶೂ ಲೇಸ್ ಕಟ್ಟುತ್ತಾ ತಲೆಯೆತ್ತಿದ ಡಾಕ್ಟರು. ಚಹಾ ತರುತ್ತಾ ನನ್ನನ್ನು ನೋಡಿ ಬೆಚ್ಚಿದ ಹೋಟೆಲಿನ ಹೆಂಗಸು. "ಇದರಲ್ಲೆಲ್ಲ ಅವರು ನಿಮ್ಮನ್ನ ನೋಡ್ತಿದ್ದಾರೆ, ನೀವೂ ಅವರನ್ನ ನೋಡಿದೀರಿ" ಅಂದರು. "ಇಷ್ಟು ವರ್ಷದಲ್ಲಿ ಇಂಥವು ಇನ್ನೆಷ್ಟು ಅಳಿಸಿದೀರಿ ನೀವು?"

ಆ ಹೊತ್ತಿಗೆ ನನ್ನ ಮನಸ್ಸು ಗುಬ್ಬಿಯ ಮನೆಯ ಬಾಗಿಲಲ್ಲಿತ್ತು. ಆಲ್ಬಮ್ಮು, ಆಧಾರ್ ಕಾರ್ಡು, ಕುಣಿಗಲ್ಲು ಅಂತ ಎಲ್ಲೆಲ್ಲೋ ಹುಡುಕಿದ್ದೆ. ಇಷ್ಟು ವರ್ಷ ಒಂದೊಂದು ಮದುವೆಯ ಬೆಳಗ್ಗೆಯೂ ಹೆಂಡತಿಯ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದೆ ಅನ್ನುವುದು ಒಂದು ಸಲವೂ ಹೊಳೆದಿರಲಿಲ್ಲ. ಟೆಸ್ಟು ಫೋಟೊ ಅಂತ ನನ್ನ ತಲೆಯಲ್ಲಿ ಎಂದೂ ದಾಖಲಾಗಿರಲಿಲ್ಲ.

ಕಾರ್ಡಿನಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ. ಅದರ ಮೇಲೆ ಬೇರೆ ಫೋಟೊ ಬಂದು ಕೂತರೆ ಮಾತ್ರ ಹೋಗುತ್ತದೆ. ಕಡಬದ ಒಂದು ಮದುವೆಯನ್ನು ಇನ್ನೊಬ್ಬ ಫೋಟೊಗ್ರಾಫರು ಕೈತಪ್ಪಿ ಪೂರ್ತಿ ಅಳಿಸಿಕೊಂಡು ಬಂದಾಗ ನಾನೇ ಕೂತು ಮೇಲೆತ್ತಿ ಕೊಟ್ಟಿದ್ದೆ. ಬೇರೆಯವರ ಹೆಂಡತಿಯರನ್ನು ಎತ್ತಿಕೊಟ್ಟವನು ನಾನು.

ಊರಿಗೆ ಬಂದ ಶನಿವಾರ ಮಗಳೂ ಬಂದಳು. ಪೌಡರ್ ಡಬ್ಬಿಯಲ್ಲಿ ಹಾಕಿಟ್ಟಿದ್ದ ಹಳೆಯ ಕಾರ್ಡುಗಳನ್ನು ಟೇಬಲ್ಲಿನ ಮೇಲೆ ಸುರಿದೆವು. ಒಂದೊಂದನ್ನೇ ಹಾಕಿ ನೋಡಿದೆವು. ಎಲ್ಲದರ ಮೇಲೂ ಹತ್ತಾರು ಮದುವೆಗಳು ನಡೆದುಹೋಗಿದ್ದವು. ಯಾರದೋ ಧಾರೆ, ಯಾರದೋ ಬೀಗರೂಟ, ಅವಳು ಎಲ್ಲೂ ಇಲ್ಲ. ಕೊನೆಗೆ ಮೂಲೆ ಒಡೆದಿದ್ದ ಒಂದು ಕಾರ್ಡು ಉಳಿಯಿತು. ಹೆಂಡತಿ ಹಾಸಿಗೆ ಹಿಡಿಯುವುದಕ್ಕೆ ಮುಂಚಿನ ಬೇಸಿಗೆಯಲ್ಲಿ, ಒಂದು ಮದುವೆಯ ಬೆಳಗ್ಗೆ ಟೆಸ್ಟ್ ಹೊಡೆದು ಅಳಿಸಿದ ಮೇಲೆ ಅದರ ಮೂಲೆ ಮುರಿದು, ಮತ್ತೆ ಉಪಯೋಗಿಸದೆ ಎತ್ತಿಟ್ಟಿದ್ದೆ. ಮಗಳು ಅದನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡಳು, ಬಿಟ್ಟರೆ ಸಂಪರ್ಕ ತಪ್ಪುತ್ತಿತ್ತು. ಅರ್ಧ ಗಂಟೆ ಹಾಗೇ ಹಿಡಿದಿದ್ದಳು. ಸಾಲು ಸಾಲಾಗಿ ಮುರುಕು ಚಿತ್ರಗಳು ಬಂದವು, ಆಮೇಲೆ ಅವಳು ಬಂದಳು.

ಅರ್ಧ ಮಾತ್ರ. ಕೂದಲು, ಹಣೆ, ಎರಡು ಹುಬ್ಬು, ಎರಡು ಕಣ್ಣು, ಅರ್ಧ ಮೂಗು. ಅಲ್ಲಿಂದ ಕೆಳಗೆ ಎಲ್ಲ ಬೂದು ಬಣ್ಣ. ಮುರಿದ ಕಾರ್ಡು ಕೊಟ್ಟಿದ್ದು ಅಷ್ಟೇ.

ಗಾಯ ಬಲ ಹುಬ್ಬಿನ ಮೇಲಿತ್ತು. ಹುಬ್ಬಿನ ತುದಿಯಲ್ಲಿ, ಅಕ್ಕಿಕಾಳಿನಷ್ಟು ಉದ್ದ, ಅಷ್ಟು ಜಾಗದಲ್ಲಿ ಕೂದಲು ಬೆಳೆದಿರಲಿಲ್ಲ. ಮಗಳು ನಾನು ಹೇಳಲಿಲ್ಲವಾ ಅನ್ನಲಿಲ್ಲ. ಪರದೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟಳು, ಆ ಅಜ್ಜಿ ಇಟ್ಟ ಹಾಗೆ.

ಮೊದಲ ಸಲ ನನ್ನ ಹೆಂಡತಿ ಸ್ಟುಡಿಯೊಗೆ ಬಂದದ್ದು ಗಂಡಿನ ಕಡೆಯವರಿಗೆ ತೋರಿಸುವ ಫೋಟೊ ತೆಗೆಸುವುದಕ್ಕೆ, ಅಪ್ಪನ ಜೊತೆ. ಆಗ ನೆಗೆಟಿವ್ ಕಾಲ, ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದೆವು. ಹುಬ್ಬಿನ್ ಮೇಲಿಂದು ಕಾಣದಂಗೆ ಮಾಡ್ತೀನಿ ಅಂದಿದ್ದೆ. "ಬ್ಯಾಡ, ಇರ್ಲಿ ಬುಡಿ. ನಾಳೆ ನೋಡಿದೋರು ಮೋಸ ಅಂದಾರು" ಅಂದಿದ್ದಳು. ನಾನು ಕೇಳಲಿಲ್ಲ, ತಿದ್ದಿದೆ. ಆ ಫೋಟೊ ನೋಡಿ ಯಾವ ಗಂಡೂ ಬರುವ ಮುಂಚೆ ನಮ್ಮ ಮನೆಯಿಂದಲೇ ಕೇಳಿಕೊಂಡು ಹೋದೆವು. ಅಲ್ಲಿಂದ ಇಪ್ಪತ್ತಾರು ವರ್ಷ ನಾನು ಆ ಗಾಯವನ್ನು ನೋಡಿದ್ದೆಲ್ಲ ಅಳಿಸುವುದಕ್ಕೇ. ಅಳಿಸುವುದಕ್ಕೆ ನೋಡಿದ್ದು ನೆನಪಿನಲ್ಲಿ ಉಳಿಯಲಿಲ್ಲ. ಅವಳ ಹತ್ತಿರ ಕ್ಷಮೆ ಕೇಳಬೇಕು ಅನ್ನಿಸಿತು, ಹೇಗೆ ಅಂತ ತಿಳಿಯಲಿಲ್ಲ.

ಗೋಡೆಯ ಮೇಲಿನ ಫೋಟೊ ಇಳಿಸಿದೆ. ಅರ್ಧ ಮುಖವನ್ನೇ ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ತೂಗುಹಾಕಿದೆ. ಹಳೆಯ ಫೋಟೊಗಳಿಂದ ಮೂಗು ಬಾಯಿ ತಂದು ಕೆಳಗೆ ಕೂರಿಸುವುದು ನನಗೆ ಒಂದು ಗಂಟೆಯ ಕೆಲಸ. ಮಾಡಲಿಲ್ಲ. ಇದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಬಂದವರು ನೋಡಿ ಗಾಬರಿಯಾಗುತ್ತಾರೆ. ಕುಣಿಗಲ್ಲಿನ ಅಕ್ಕ ಬಂದವರು, "ಇದ್ಯಾಕಪ್ಪ ಬಾಯೇ ಇಲ್ಲ ನನ್ ತಂಗಿಗೆ?" ಅಂತ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡರು.

ಇಷ್ಟೇ ಸಿಕ್ಕಿದ್ದು ಅಕ್ಕ ಅಂದೆ. ಕಣ್ಣು ನನ್ನ ಮೇಲಿದೆ, ಹುಬ್ಬು ಗಂಟಿಕ್ಕಿದೆ, ಗಾಯ ಇರುವ ಕಡೆ ಗಂಟು ಸ್ವಲ್ಪ ಹೆಚ್ಚು. ಬಾಯಿ ಇಲ್ಲದಿದ್ದರೂ ಏನು ಹೇಳುತ್ತಿದ್ದಾಳೆ ಅಂತ ನನಗೆ ಗೊತ್ತು. ಬೇಗ ತಗೀರಿ, ಹಾಲು ಉಕ್ತದೆ ಅನ್ನುತ್ತಿದ್ದಾಳೆ.